ಗೌನಿನ ಅಂಚಿನಲ್ಲಿ ಐವತ್ತಾರು ಬಿಲ್ಲೆ

"ಇಳೀರಿ! ಇಳೀರಿ!! ಅಯ್ಯಯ್ಯೋ… ಇಳೀರಿ ಮೇಡಂ!"

ಆ ಕೂಗಿಗೆ ಅವಳ ಎದೆ ಧಸಕ್ಕೆಂದಿತು.

ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಅಪರಿಚಿತರ ಮುಂದೆ ತೂಕದ ಯಂತ್ರದ ಮೇಲೆ ಆಗಷ್ಟೇ ಕಾಲಿಟ್ಟಿದ್ದಳು. ಮೂರು ವಾರ ಹಿಂದೆಮುಂದೆ ನೋಡಿ, ಬಾಗಿಲ ತನಕ ಬಂದು ಎರಡು ಸಲ ಹಿಂದಿರುಗಿ, ಇವತ್ತು ಹೇಗೋ ಒಳಗೆ ಬಂದವಳು. ಬಂದ ಮೊದಲ ದಿನವೇ ಹೀಗಾಗಬೇಕೆ?

'ಮುರಿದೇ ಹೋಯ್ತು! ನನ್ನ ಭಾರಕ್ಕೆ ಯಂತ್ರವೇ ಮುರಿದು ಹೋಯ್ತು!'

ಕೆಳಗೆ ಹಾರಿದಳು. ಯಂತ್ರದ ಹಿಂದಿನಿಂದ ದೊಡ್ಡ ಮೈಯ ಗಂಡಸೊಬ್ಬ ನಿಧಾನವಾಗಿ ಎದ್ದು ನಿಂತ. ಚೌಕುಳಿ ಅಂಗಿ, ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡಗೈಯ ತೋರುಬೆರಳು ಬಾಯಲ್ಲಿ.

"ಯಂತ್ರ… ಮುರೀತಾ?"

"ಯಂತ್ರಕ್ಕೇನೂ ಆಗಿಲ್ಲ. ಅಡಿಯಲ್ಲಿ ಕೈಯಿಟ್ಟು ಸ್ಕ್ರೂ ಬಿಗೀತಿದ್ದೆ. ಬೆರಳು ಸಿಕ್ಕಿಹಾಕ್ಕೊಂಡ್ತು, ಅಷ್ಟೇ. ತಪ್ಪು ನಂದೇ."

"ಅಯ್ಯೋ ದೇವರೇ! ತೊಂಬತ್ತಾರು ಕಿಲೋ… ಬೆರಳ ಮೇಲೆ…"

ಅಂದುಬಿಟ್ಟಳು! ಸ್ವಂತ ಅಪ್ಪನಿಗೂ ಹೇಳದೆ ಮುಚ್ಚಿಟ್ಟಿದ್ದ ಸಂಖ್ಯೆಯನ್ನು ತಾನೇ ತನ್ನ ಬಾಯಾರೆ ಎಲ್ಲರ ಮುಂದೆ ಹರಡಿಬಿಟ್ಟಳು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಅವನು ಬೆರಳನ್ನು ಬಾಯಿಂದ ತೆಗೆದು ಗಂಭೀರವಾಗಿ ನೋಡಿಕೊಂಡ.

"ನಾನು ನೂರ ಹನ್ನೊಂದು ಮೇಡಂ. ಕೆಳಗೆ ನಿಮ್ಮ ಬೆರಳು, ಮೇಲೆ ನಾನು ಇದ್ದಿದ್ರೆ… ಬೆರಳಿನ ಆಸೆ ಬಿಡಬೇಕಾಗಿತ್ತು!"

ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೂ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು.

ಅದು ಗುರುವಾರದ ಗುಂಪು. ಶಾಲೆಯೊಂದರ ವ್ಯಾಯಾಮದ ಕೋಣೆಯಲ್ಲಿ ಬೆಳಿಗ್ಗೆ ಆರೂವರೆಗೆ ಸೇರುತ್ತಿತ್ತು. ನಡೆಸುತ್ತಿದ್ದವರು ನಿವೃತ್ತ ನರ್ಸ್. ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಬೇಕರಿ ಇಟ್ಟುಕೊಂಡು ತೂಕ ಇಳಿಸಲು ಹೊರಟಿದ್ದ ಮಹಾನುಭಾವನೊಬ್ಬನಿದ್ದ, ಅವನ ಅಡ್ಡಹೆಸರು ಕೇಕಣ್ಣ. ಲೆಕ್ಕದ ಟೀಚರ್ ಇದ್ದರು, ಇನ್ನೂ ಇಬ್ಬರು ಮೂವರಿದ್ದರು. ಬೆರಳು ಜಜ್ಜಿಸಿಕೊಂಡವನು ತಕ್ಕಡಿ ಮೆಕ್ಯಾನಿಕ್. ಅಂಗಡಿ, ಗೋದಾಮು, ಆಸ್ಪತ್ರೆಗಳ ತೂಕದ ಯಂತ್ರ ರಿಪೇರಿ ಮಾಡಿ ಸರಿತೂಕ ತೋರಿಸುವಂತೆ ಕೂರಿಸಿ ಕೊಡುವುದು ಅವನ ಕೆಲಸ. ಅವಳು ಟೈಲರ್. ಊರಿನವರ ಸೊಂಟದ ಅಳತೆಯೆಲ್ಲ ಬಾಯಿಪಾಠ, ತನ್ನ ಸೊಂಟಕ್ಕೆ ಮಾತ್ರ ಏಳು ವರ್ಷದಿಂದ ಟೇಪು ಹಿಡಿದವಳಲ್ಲ.

ಸಿಸ್ಟರಮ್ಮನ ನಿಯಮಗಳು ಮೂರು.

"ಒಂದು, ಮೊದಲ ದಿನ ಯಾವ ಬಟ್ಟೆಯಲ್ಲಿ ತೂಕಕ್ಕೆ ನಿಲ್ತೀರೋ ಕೊನೆಯವರೆಗೂ ಅದೇ ಬಟ್ಟೆ. ಎಷ್ಟೇ ಸಡಿಲ ಆಗ್ಲಿ, ಹೊಲಿಗೆ ಹಾಕಿ ಬಿಗಿ ಮಾಡಂಗಿಲ್ಲ. ಟೈಲರ್, ನಿಂಗೇ ಹೇಳ್ತಿರೋದು! ಎರಡು, ಪ್ರತಿಯೊಬ್ರಿಗೂ ಒಬ್ಬರು ಜೋಡಿ. ನೀನು ಮುಳ್ಳಿಗೆ ಬೆನ್ನು ಹಾಕಿ ನಿಲ್ಬೇಕು, ಜೋಡಿ ಓದಿ ನಿನ್ನ ಪುಸ್ತಕದಲ್ಲಿ ಬರೀಬೇಕು. ಮೂರು, ದಿನಾ ಸಂಜೆ ಆರಕ್ಕೆ ಜೋಡಿಗೆ ಫೋನು. ಏನು ತಿಂದೆ ಅಂತ ನಿಜ ಹೇಳ್ಬೇಕು."

"ನನ್ನ ಜೋಡಿ ಯಾರು ಸಿಸ್ಟರಮ್ಮಾ?"

"ಇನ್ಯಾರು? ಬೆರಳು ಮುರಿದಿದ್ದೀಯಲ್ಲ, ಅವನೇ!"

ಅವಳು ಯಾಕೆ ಬಂದಳು ಗೊತ್ತೆ? ಚೆಂದ ಕಾಣಿಸಲಿಕ್ಕಲ್ಲ.

ಹೊಕ್ಕುಳ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಹರ್ನಿಯಾ. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಎಂಬತ್ನಾಲ್ಕಕ್ಕೆ ಇಳಿದು ಬನ್ನಿ, ಆಪರೇಷನ್‌ಗೆ ದಿನ ಕೊಡ್ತೀನಿ. ಈ ತೂಕದಲ್ಲಿ ಅರಿವಳಿಕೆ ಕೊಡೋದು ಅಪಾಯ. ಹಾಗಂತ ತಡ ಮಾಡ್ಬೇಡಿ. ಕರುಳು ಆ ಗಂಟಿನೊಳಗೆ ಸಿಕ್ಕಿಹಾಕ್ಕೊಂಡ್ರೆ ಜೀವಕ್ಕೇ ಬರುತ್ತೆ."

ಏಳು ವರ್ಷದ ಹಿಂದೆ ಅವಳ ಅಮ್ಮನಿಗೂ ಇದೇ ಗಂಟು, ಇದೇ ಮೈ. ಅಮ್ಮನೂ ಟೈಲರ್. ಮಗಳಿಗೆಂದು ಹಳದಿ ಫ್ರಾಕು ಹೊಲಿಯುತ್ತಿದ್ದವಳು ಹಾಗೇ ಎದ್ದು ಆಸ್ಪತ್ರೆಗೆ ಹೊರಟಿದ್ದಳು. "ಎಡ ತೋಳು ಹಾಗೇ ಇರ್ಲಿ ಕಣೇ, ಬಂದು ಹೊಲೀತೀನಿ" ಅಂದಿದ್ದಳು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಅಮ್ಮ ಬರಲಿಲ್ಲ.

ಫ್ರಾಕು ಇನ್ನೂ ಕಪಾಟಿನಲ್ಲಿದೆ, ಒಂದೇ ತೋಳಿನಲ್ಲಿ. ಕತ್ತರಿಸಿಟ್ಟ ಎಡ ತೋಳು ಅದರ ಮಡಿಕೆಯೊಳಗೇ ಇದೆ.

ಸಂಜೆ ಆರರ ಫೋನು ಮೊದಮೊದಲು ಒಂದು ನಿಮಿಷದ್ದು.

"ಮೆಕ್ಯಾನಿಕ್ ಅವರೇ, ಏನು ತಿಂದ್ರಿ?"

"ಒಂದು ಬಿಸ್ಕತ್ತು… ಎರಡು… ಬಿಸ್ಕತ್ತು ಚಿಕ್ಕದು ಮೇಡಂ… ಸರಿ, ಪೂರ್ತಿ ಪೊಟ್ಟಣ."

ಅದು ಅವನ ರೀತಿ. ಸುಳ್ಳು ಅವನ ಬಾಯಲ್ಲಿ ಮೂರು ಮಾತಿಗಿಂತ ಹೆಚ್ಚು ನಿಲ್ಲದು, ನಾಲ್ಕನೆಯದಕ್ಕೆ ನಿಜ ಹೊರಬೀಳಲೇಬೇಕು. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಒಂದು ನಿಮಿಷ ಹತ್ತಾಯಿತು, ಹತ್ತು ನಲವತ್ತಾಯಿತು. ಇಸ್ತ್ರಿ ಮೇಜಿನ ಹತ್ತಿರ ಅಪ್ಪ ಕೆಮ್ಮಿದರೂ ಫೋನು ಇಡುತ್ತಿರಲಿಲ್ಲ. ಗೋದಾಮಿನಲ್ಲಿ ಲಾರಿ ತೂಗುವ ಯಂತ್ರದ ಕೆಳಗಿನ ಗುಂಡಿಗೆ ಇಳಿಯುವಾಗ ಕಿಂಡಿಯಲ್ಲಿ ಸೊಂಟ ಸಿಕ್ಕಿ, ಎರಡು ಗಂಟೆ ಅರ್ಧ ಒಳಗೆ ಅರ್ಧ ಹೊರಗೆ ನೇತಾಡಿದ್ದನ್ನು ಅವನು ಅವಳಿಗೆ ಮಾತ್ರ ಹೇಳಿದ. ಅವತ್ತು ಉಸಿರು ನಿಂತೇ ಹೋಗುತ್ತದೆ ಅನ್ನಿಸಿತ್ತಂತೆ.

ಅವಳು ಅಮ್ಮನ ವಿಷಯ ಹೇಳಲಿಲ್ಲ. ಬಾಯಿಯವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು.

ತೊಂಬತ್ತಾರು ತೊಂಬತ್ತೆರಡಾಯಿತು. ತೊಂಬತ್ತೆರಡು ಎಂಬತ್ತೊಂಬತ್ತಾಯಿತು. ಅವನ ಬೆರಳಿನ ಕರಿಗಟ್ಟಿದ ಉಗುರು ವಾರ ವಾರ ಮೇಲೆ ಸರಿಯುತ್ತಿತ್ತು, ಕೆಳಗಿನಿಂದ ಹೊಸದು ಬರುತ್ತಿತ್ತು. ಮೊದಲ ದಿನ ತೊಟ್ಟಿದ್ದ ಅವಳ ನೀಲಿ ಗೌನು ಭುಜದಿಂದ ಜಾರತೊಡಗಿತು. "ಟೈಲರ್ ಮೇಡಂ ಗೌನಲ್ಲಿ ಈಗ ನಾನೂ ಹಿಡೀತೀನಿ!" ಎಂದು ಕೇಕಣ್ಣ ಛೇಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ಎಂಬತ್ತಾರಕ್ಕೆ ಬಂದ ವಾರ ಅವಳು ಮನೆಗೆ ಹೋಗಿ ಕಪಾಟು ತೆಗೆದು ಹಳದಿ ಫ್ರಾಕನ್ನು ನೋಡುತ್ತಾ ನಿಂತಳು.

'ಇನ್ನೆರಡು ಕಿಲೋ. ಆಮೇಲೆ ದಿನ ಕೊಡ್ತಾರೆ. ಆಮೇಲೆ ಆ ಬಾಗಿಲು…'

ಇಳಿಯಬೇಕೆಂದು ಹಟ ಹಿಡಿದಿದ್ದವಳಿಗೆ ಈಗ ಇಳಿಯುವುದೇ ಭಯ! ಅಭ್ಯಾಸವಾಗಿ ಹೋಗಿತ್ತು, ತೂಕ ತನ್ನಷ್ಟಕ್ಕೆ ಇಳಿಯುತ್ತಿತ್ತು. ನಿಲ್ಲಿಸುವುದು ಹೇಗೆ?

ಟೈಲರಿಗೆ ಟೈಲರಿನ ಬುದ್ಧಿಯೇ ಹೊಳೆಯುವುದು. ಕಿಟಕಿಯ ಪರದೆ ಹಾರಾಡದಂತೆ ಅದರ ಅಂಚಿನೊಳಗೆ ಹಾಕಿ ಹೊಲಿಯುವ ಸೀಸದ ಬಿಲ್ಲೆಗಳಿರುತ್ತವಲ್ಲ, ಒಂದೊಂದು ಐವತ್ತು ಗ್ರಾಮಿನವು, ಅಂಗಡಿಯಲ್ಲಿ ಡಬ್ಬಿ ತುಂಬ ಇದ್ದವು. ನೀಲಿ ಗೌನಿನ ಅಗಲ ಅಂಚು ಬಿಚ್ಚಿ, ಒಂದಕ್ಕೊಂದು ತಾಗಿ ಸದ್ದಾಗದಂತೆ ಪ್ರತ್ಯೇಕ ಗೂಡು ಮಾಡಿ, ಹತ್ತು ಬಿಲ್ಲೆ ಕೂರಿಸಿದಳು. ಮುಂದಿನ ವಾರ ಮತ್ತೆ ಹತ್ತು. ಅದರ ಮುಂದಿನ ವಾರ ಮತ್ತೆ ಹನ್ನೆರಡು. ಹೀಗೆ ಐದು ವಾರ!

ಪುಸ್ತಕದಲ್ಲಿ ಎಂಬತ್ತೈದೂವರೆ ಅಲ್ಲಾಡಲಿಲ್ಲ.

"ಯಾಕಮ್ಮಾ ನಿಂತುಬಿಟ್ಟಿತು?" ಸಿಸ್ಟರಮ್ಮನಿಗೆ ಚಿಂತೆ. "ಗಂಟು ದೊಡ್ಡದಾಗ್ತಿದೆ ಅಂತಿದ್ದೆಯಲ್ಲ. ನನಗೆ ಹೆದರಿಕೆ ಆಗ್ತಿದೆ."

ಮೆಕ್ಯಾನಿಕ್ ತನ್ನ ಯಂತ್ರದ ಮೇಲೆಯೇ ಅನುಮಾನಪಟ್ಟ. ಅದನ್ನು ಪೂರ್ತಿ ಬಿಚ್ಚಿದ. ಸ್ಪ್ರಿಂಗ್ ಬದಲಿಸಿದ. ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ಮೂರು ಸಲ ಪರೀಕ್ಷಿಸಿದ. ಕೂದಲೆಳೆಯಷ್ಟೂ ತಪ್ಪಿಲ್ಲ!

"ಹದಿನೆಂಟು ವರ್ಷದ ಸರ್ವೀಸ್ ನಂದು," ಎಂದು ಫೋನಿನಲ್ಲಿ ಒದ್ದಾಡಿದ. "ನನ್ನ ಕೈಗೇ ಏನೋ ಆಗಿದೆ ಮೇಡಂ. ಕಣ್ಣಿಗೆ ಇಳಿದ ಹಾಗೆ ಕಾಣ್ತೀರ, ಮುಳ್ಳು ಒಪ್ಪಲ್ಲ. ಈ ಕೆಲಸಾನೇ ಬಿಡಬೇಕೇನೋ."

'ನನ್ನ ಸುಳ್ಳಿಗೆ ಇವರು ತಮ್ಮ ಕೈಯನ್ನೇ ಅನುಮಾನಿಸ್ತಿದ್ದಾರೆ!' ಹೇಳಿಬಿಡಬೇಕೆನ್ನಿಸಿತು. ಹೇಳಿದರೆ ಆ ಬಾಗಿಲು ತೆರೆಯುತ್ತದೆ. "ಹಾಗೆಲ್ಲ ಅನ್ಬೇಡಿ" ಅಂದು ಫೋನು ಇಟ್ಟಳು.

ಐದನೆಯ ವಾರ ಅವನಿಗೆ ತಿಳಿಯಿತು. ಅವಳ ಮೈ ನಿಂತ ಮೇಲೂ ಮುಳ್ಳು ನಿಲ್ಲುತ್ತಿರಲಿಲ್ಲ, ಕ್ಷಣಕಾಲ ತೂಗಾಡುತ್ತಿತ್ತು. ಅವಳ ಮೈಗೆ ಸೇರದ ಭಾರವೊಂದು ಎಲ್ಲೋ ನೇತಾಡುತ್ತಿದೆ. ಅವನ ಕಣ್ಣು ಕೆಳಗೆ ಗೌನಿನ ಅಂಚಿಗೆ ಹೋಯಿತು. ಆದರೂ ಮುಳ್ಳು ತೋರಿಸಿದ್ದನ್ನೇ ಬರೆದುಕೊಟ್ಟ.

ಅವಳು ನೀರಿನ ಬಾಟಲಿ ತರಲು ಹೋದಾಗ ಬಾಗಿಲಾಚೆಯಿಂದ ಅವನ ದನಿ ಕೇಳಿಸಿತು.

"ಸಿಸ್ಟರಮ್ಮಾ, ನನ್ನ ಜೋಡಿ ಬದಲಾಯಿಸಿ. ಅವರ ತೂಕ ಬರೆಯೋಕೆ ನನ್ನ ಕೈಲಾಗಲ್ಲ."

ಅಷ್ಟೇ. ಕಾರಣ ಕೇಳಿದರೆ ಅವನು ಬಾಯಿ ಬಿಡಲಿಲ್ಲ.

ಅವಳ ಕಣ್ಣು ಕತ್ತಲಿಟ್ಟಿತು. 'ನನ್ನಿಂದ ಬೇಸತ್ತರು. ತೂಕ ಇಳಿಯದ ಹೆಂಗಸಿನ ಜೊತೆ ಯಾರಿಗೆ ಬೇಕು? ನಲವತ್ತು ನಿಮಿಷ ಮಾತಾಡಿದ್ದು ಗುಂಪಿನ ನಿಯಮಕ್ಕೆ… ನಾನೊಬ್ಬಳು ಹುಚ್ಚಿ!'

ಆ ಸಂಜೆ ಆರಕ್ಕೆ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಒಂದು ವಾರ ಸಂಜೆಯ ಆರು ಗಂಟೆ ಮಾತಿಲ್ಲದೆ, ಬರೀ ಗಂಟೆಯಾಗಿ ಬಂದು ಹೋಯಿತು.

ಮುಂದಿನ ಗುರುವಾರ ಬಂದಳು, ಬರದಿದ್ದರೆ ಸಿಸ್ಟರಮ್ಮ ಮನೆಗೇ ಬರುತ್ತಾರೆ ಎಂಬ ಹೆದರಿಕೆಗೆ. ಅವನತ್ತ ನೋಡಲಿಲ್ಲ. ತೂಕಕ್ಕೆ ಇನ್ನೂ ನಿಂತಿರಲಿಲ್ಲ, ನೆಲದ ಚಾಪೆ ಸುತ್ತಲು ಬಗ್ಗಿದಳು.

ಹೊಟ್ಟೆಯೊಳಗೆ ಯಾರೋ ಹಗ್ಗ ಬಿಗಿದಂತಾಯಿತು.

"ಅಮ್ಮಾ…!"

ಕುಸಿದಳು. ಮೈಯೆಲ್ಲ ಬೆವರು. ಗಂಟು ಕಲ್ಲಾಗಿತ್ತು.

"ಮೇಜಿನ ಮೇಲೆ ಮಲಗಿಸಿ! ಬೇಗ!" ಸಿಸ್ಟರಮ್ಮ ಕೂಗಿದರು. ಕೇಕಣ್ಣ, ಮೆಕ್ಯಾನಿಕ್ ಇಬ್ಬರೂ ಎತ್ತಿದರು. ಎತ್ತುವಾಗ ಗೌನಿನ ಅಂಚು ಮೇಜಿನ ಕಬ್ಬಿಣದ ಕಾಲಿಗೆ ಬಡಿಯಿತು.

ಠಣ್!

ಹೊಲಿಗೆ ಕಿತ್ತು ಮೂರು ಸೀಸದ ಬಿಲ್ಲೆಗಳು ನೆಲದ ಮೇಲೆ ಉರುಳಿದವು. ಎಲ್ಲರ ಕಣ್ಣೂ ಅಲ್ಲೇ ನಿಂತಿತು. ಆ ನೋವಿನಲ್ಲೂ ಅವಳಿಗೆ ಪ್ರಾಣ ಹೋದಂತಾಯಿತು. 'ಮುಗೀತು. ಎಲ್ಲರಿಗೂ ಗೊತ್ತಾಯ್ತು.'

"ನನ್ನವು!" ಎಂದ ಮೆಕ್ಯಾನಿಕ್. ಬಗ್ಗಿ ಮೂರನ್ನೂ ಹೆಕ್ಕಿಕೊಂಡ. "ಯಂತ್ರಕ್ಕೆ ಹಾಕೋ ಬಿಲ್ಲೆ. ಜೇಬು ತೂತಾಗಿದೆ. ಸಿಸ್ಟರಮ್ಮಾ, ನೀವು ಅವರನ್ನ ನೋಡಿ."

ನೇತಾಡುತ್ತಿದ್ದ ಅಂಚನ್ನು ಅವಳ ಕಾಲಿನ ಕೆಳಗೆ ಮಡಚಿ ಸೇರಿಸಿ, ಮೇಲೆ ತನ್ನ ಕೋಟು ಹೊದಿಸಿದ.

ಅವಳು ಅವನ ಮಾತುಗಳನ್ನು ಎಣಿಸಿದಳು. ಒಂದು, ಎರಡು, ಮೂರು… ನಾಲ್ಕನೆಯ ಮಾತು ಬಂದರೂ ಅವನ ಬಾಯಿಂದ ನಿಜ ಹೊರಬೀಳಲಿಲ್ಲ! ಒಂದು ಬಿಸ್ಕತ್ತನ್ನೂ ಮುಚ್ಚಿಡಲಾರದವನು ಅವಳಿಗಾಗಿ ಸುಳ್ಳು ಹೇಳಿ ದಕ್ಕಿಸಿಕೊಂಡಿದ್ದ.

ಸಿಸ್ಟರಮ್ಮ ಮೊಣಕಾಲು ಮಡಚಿಸಿ, ಉಸಿರು ಬಿಡಿಸಿ, ಮೆಲ್ಲಗೆ ಒತ್ತಿದರು. ಎಷ್ಟೋ ಹೊತ್ತಿನ ಮೇಲೆ ಗಂಟು ಒಳಕ್ಕೆ ಸರಿಯಿತು.

"ಇವತ್ತು ಹೋಯ್ತು. ನಾಳೆ ಹೋಗದಿದ್ರೆ?" ಅವರ ದನಿಯೂ ಸಣ್ಣಗಾಗಿತ್ತು. "ಇನ್ನೂ ಒಂದೂವರೆ ಕಿಲೋ ಇದೆ ಅಂತ ಡಾಕ್ಟರು ಕಾಯ್ತಿದ್ದಾರೆ ಕಣಮ್ಮಾ… ಆ ಗಂಟು ಕಾಯಲ್ಲ."

ಮಧ್ಯಾಹ್ನ ಅವನು ಅವಳ ಅಂಗಡಿಗೆ ಬಂದ. ಅಪ್ಪ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಮೂರು ಬಿಲ್ಲೆಗಳನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟ.

"ಜೋಡಿ ಬದಲಾಯಿಸಿ ಅಂದ್ರಲ್ಲ, ಮತ್ತೆ ಯಾಕೆ ಬಂದ್ರಿ?" ಅವಳು ಬಿಲ್ಲೆಗಳನ್ನು ಮುಟ್ಟಲಿಲ್ಲ.

"ಕೇಳಿಸ್ಕೊಂಡ್ರಾ?" ಅವನ ಮುಖ ಬಿಳಿಚಿತು. "ಸುಳ್ಳು ಅಂತ ಗೊತ್ತಾದ ತೂಕಾನ ಮತ್ತೆ ಬರೆಯೋಕಾಗಲಿಲ್ಲ. ನಿಮ್ಮನ್ನ ಬಿಟ್ಟುಕೊಡೋಕೂ ಆಗಲಿಲ್ಲ. ಬೇರೆ ಯಾರಾದ್ರೂ ಬರೀಲಿ ಅಂತ ತಪ್ಪಿಸ್ಕೊಂಡೆ. ಅದೇ ತಪ್ಪು ಮಾಡಿದ್ದು ನಾನು. ಇವತ್ತು ನಿಮಗೆ ಏನಾದ್ರೂ ಆಗಿದ್ರೆ… ಯಾಕೆ ಮೇಡಂ? ಯಾಕೆ ಹೀಗೆ ಮಾಡಿದ್ರಿ?"

ಅವಳು ಎದ್ದು ಕಪಾಟು ತೆಗೆದಳು. ಹಳದಿ ಫ್ರಾಕನ್ನು ಅವನ ಕೈಗಿಟ್ಟಳು. ಏಳು ವರ್ಷ ನುಂಗಿದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಅಮ್ಮ, ಗಂಟು, ಬಾಗಿಲು, 'ಬಂದು ಹೊಲೀತೀನಿ'.

"ಭಯ ಆಗುತ್ತೆ ಕಣ್ರೀ… ಎಂಬತ್ನಾಲ್ಕು ಅಂದ್ರೆ ನಂಗೆ ಸಾವು ಅಂತ ಕೇಳಿಸುತ್ತೆ!"

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

"ನಂಗೆ ಗೊತ್ತಿತ್ತು," ಎಂದರು ಅಪ್ಪ.

ಇಬ್ಬರೂ ತಿರುಗಿದರು.

"ಪ್ರತಿ ಬುಧವಾರ ಆ ಗೌನಿಗೆ ಇಸ್ತ್ರಿ ಹಾಕೋನು ನಾನು. ಅಂಚಿನಲ್ಲಿ ಪೆಟ್ಟಿಗೆ ಟಕ ಟಕ ಅಂತ ಎಡವೋದು ನಂಗೆ ತಿಳಿಯಲ್ವೇನಮ್ಮಾ?" ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಸುಮ್ಮನಿದ್ದೆ. ಬಿಲ್ಲೆಗಳ ಮೇಲೇ ನಿಧಾನವಾಗಿ ಇಸ್ತ್ರಿ ಹಾಕಿಕೊಟ್ಟೆ. ನೀನು ಆ ಬಾಗಿಲೊಳಗೆ ಹೋಗದಿದ್ರೆ ಸಾಕು ಅಂತ ನಂಗೂ ಇತ್ತು. ಇವತ್ತು ಬೆಳಿಗ್ಗೆ ನೀನು ಕುಸಿದೆ ಅಂತ ಫೋನು ಬಂದಾಗ… ಅಪ್ಪ ಅನ್ನಿಸ್ಕೊಳ್ಳೋ ಯೋಗ್ಯತೆ ನಂಗಿಲ್ಲ ಮಗಳೇ."

"ಅಪ್ಪಾ!" ಅವಳು ಓಡಿ ತಬ್ಬಿಕೊಂಡಳು. ತಂದೆ ಮಗಳು ಬಿಕ್ಕಿ ಬಿಕ್ಕಿ ಅತ್ತರು. ಮೆಕ್ಯಾನಿಕ್ ಆ ಹೊತ್ತಿನಲ್ಲಿ ಮಾಡಬಹುದಾದ ಒಂದೇ ಕೆಲಸ ಮಾಡಿದ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ.

ಆಮೇಲೆ ಮೂವರೂ ಕೂತು ನೀಲಿ ಗೌನಿನ ಅಂಚು ಬಿಚ್ಚಿದರು. ಉದುರಿಬಿದ್ದ ಮೂರೂ ಸೇರಿ ಐವತ್ತಾರು ಬಿಲ್ಲೆ. ಅವನು ತನ್ನ ಚೀಲದ ಪುಟ್ಟ ತಕ್ಕಡಿಯಲ್ಲಿಟ್ಟು ತೂಗಿದ. ಎರಡು ಕಿಲೋ ಎಂಟುನೂರು. ಪುಸ್ತಕದ ಕೊನೆಯ ಸಾಲು ಹೊಡೆದುಹಾಕಿ ಬರೆದ: ಎಂಬತ್ತೆರಡು ಕಿಲೋ ಏಳುನೂರು.

"ಎಂದೋ ದಾಟಿದೀರಿ ಮೇಡಂ."

ಮರುದಿನವೇ ಡಾಕ್ಟರು ದಿನ ಕೊಟ್ಟರು. ಮುಂದಿನ ಗುರುವಾರ, ಬೆಳಿಗ್ಗೆ ಎಂಟು.

ಆ ಆರು ದಿನ ಹೇಗೆ ಕಳೆದವೋ ಅವಳಿಗೇ ಗೊತ್ತು. ಕತ್ತರಿ ಹಿಡಿದರೆ ಬಟ್ಟೆ ಅಡ್ಡಾದಿಡ್ಡಿ. ಆರು ಗಂಟೆಯ ಫೋನಿನಲ್ಲಿ ಈಗ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಇಡುತ್ತಲೂ ಇರಲಿಲ್ಲ.

ಗುರುವಾರ. ಆಸ್ಪತ್ರೆಯ ಹಸಿರು ಬಟ್ಟೆ ತೊಟ್ಟು ಗಾಲಿಮಂಚದ ಮೇಲೆ ಮಲಗಿದ್ದಳು. ಇಡೀ ಗುಂಪು ಕಾರಿಡಾರಿನಲ್ಲಿತ್ತು. ಮುಂದೆ ಎರಡು ರೆಕ್ಕೆಯ ಬಾಗಿಲು. ಅದೇ ಬಾಗಿಲು!

"ನಂಗೆ ಭಯ ಆಗ್ತಿದೆ," ಎಂದಳು ಅವನಿಗೆ.

"ನಂಗೂ."

"ಧೈರ್ಯ ಹೇಳ್ಬೇಕು ನೀವು!"

"ನಂಗೆ ಸುಳ್ಳು ಬರಲ್ಲ. ಒಂದು ಸಲ ಹೇಳಿದ್ದೀನಿ, ಅದೇ ಈ ಜನ್ಮಕ್ಕೆ ಸಾಕು."

ಹಳದಿ ಫ್ರಾಕನ್ನು ಅವನ ಕೈಗೆ ಕೊಟ್ಟಳು. "ಇದನ್ನ ಹಿಡ್ಕೊಂಡಿರಿ. ಅಮ್ಮ ಹೇಳಿದ ಆ ಮಾತು ಮಾತ್ರ ನಾನು ಹೇಳಲ್ಲ."

ಮಂಚ ಚಲಿಸಿತು. ಅವನು ಪಕ್ಕದಲ್ಲೇ ಓಡಿದ.

"ಹುಷಾರು ಮೇಡಂ… ಅಪ್ಪನ್ನ ನಾನು ನೋಡ್ಕೋತೀನಿ… ಬೆರಳೂ ವಾಸಿಯಾಗಿದೆ, ನೋಡಿ ಹೊಸ ಉಗುರು ಬಂದಿದೆ…"

ಮೂರು ಮಾತಾಯಿತು. ನಾಲ್ಕನೆಯದಕ್ಕೆ ನಿಜ ಹೊರಬಿತ್ತು.

"ನೀವಿಲ್ದೆ ನಂಗಾಗಲ್ಲ. ಪ್ರೀತಿಸ್ತೀನಿ ನಿಮ್ಮನ್ನ."

ಅವಳು ತುಟಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಒಂದು ಗಂಟೆ ಅಂದಿದ್ದರು. ಗಂಟೆ ಕಳೆಯಿತು. ಅಪ್ಪ ಗೋಡೆಯ ಗಡಿಯಾರ ನೋಡುವುದನ್ನೇ ಬಿಟ್ಟರು. ಅಂದೂ ಹೀಗೆಯೇ ಒಂದು ಗಂಟೆ ದಾಟಿತ್ತು… ಮೆಕ್ಯಾನಿಕ್ ಫ್ರಾಕನ್ನು ಹಿಂಡಿ ಹಿಂಡಿ ಮುದ್ದೆ ಮಾಡುತ್ತಿದ್ದ. ಲೆಕ್ಕದ ಟೀಚರ್ ಎದ್ದು ತಮ್ಮ ಬ್ಯಾಗಿನಿಂದ ಸೂಜಿದಾರ ತೆಗೆದರು.

"ಕೊಡಿ ಇತ್ಲಾಗೆ. ಕೈಗೆ ಕೆಲಸ ಇಲ್ದಿದ್ರೆ ಎಲ್ಲರಿಗೂ ಹುಚ್ಚು ಹಿಡಿಯುತ್ತೆ."

ಒಬ್ಬರಾದ ಮೇಲೆ ಒಬ್ಬರು ನಾಲ್ಕು ನಾಲ್ಕು ಹೊಲಿಗೆ ಹಾಕಿದರು. ಕೇಕಣ್ಣ ಬೆರಳು ಚುಚ್ಚಿಕೊಂಡ. ಕೊನೆಯ ಗಂಟು ಅಪ್ಪ ಹಾಕಿದರು, ಕಣ್ಣು ಕಾಣದೆ, ಕಣ್ಣೀರು ಒರೆಸಿಕೊಳ್ಳದೆ.

ಎರಡು ಗಂಟೆ ಇಪ್ಪತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು.

ಅವಳ ಗಂಟಲು ಒಣಗಿತ್ತು. ಬೆಳಕು ಚುಚ್ಚುತ್ತಿತ್ತು. 'ಬದುಕಿದ್ದೀನಾ?' ಹೊಟ್ಟೆ ಉರಿಯಿತು. ಬದುಕಿದ್ದಾಳೆ! ಸತ್ತವರಿಗೆ ಹೀಗೆ ಉರಿಯಲಾರದು.

ಪಕ್ಕದಲ್ಲಿ ಅವನು ಕೂತಿದ್ದ, ಮೂಗು ಕೆಂಪಾಗಿತ್ತು. ಕಿಟಕಿಯ ಹತ್ತಿರ ಅಪ್ಪ ಬೇಕೆಂದೇ ಆಚೆ ನೋಡುತ್ತಾ ನಿಂತಿದ್ದರು.

"ಮೇಡಂ… ಕೇಳಿಸ್ತಿದೆಯಾ?"

"ಆ ನಾಲ್ಕನೇ ಮಾತು…" ಅವಳ ದನಿ ಪಿಸುಗುಟ್ಟಿತು. "ನಂದೂ ಅದೇ. 'ಮೇಡಂ', 'ನೀವು' ಅನ್ನೋದು ಬಿಡಿ ಮೊದ್ಲು."

"ಬಿಟ್ಟೆ… ನೀನು."

ಆಗ ಅವಳ ಕಣ್ಣು ಅವನ ತೊಡೆಯ ಮೇಲಿದ್ದ ಫ್ರಾಕಿಗೆ ಬಿತ್ತು. ಏಳು ವರ್ಷದ ಮೇಲೆ ಎರಡು ತೋಳು! ಕೆಂಪು ದಾರ, ಕಪ್ಪು ದಾರ, ಒಂದು ಕಡೆ ರಕ್ತದ ಚುಕ್ಕೆ. ಟೈಲರಿನ ಕಣ್ಣು ಅರೆಪ್ರಜ್ಞೆಯಲ್ಲೂ ತಪ್ಪು ಬಿಡುವುದಿಲ್ಲ.

"ಅಯ್ಯೋ… ತೋಳು ಹಿಂದುಮುಂದು ಹೊಲಿದಿದ್ದೀರ!"

"ಎಲ್ಲಾ ಸೇರಿ ಹೊಲಿದ್ವಿ. ಬಿಚ್ಚಿಬಿಡ್ಲಾ?"

"ಬೇಡ. ಹಾಗೇ ಇರ್ಲಿ…" ಹೊಸ ಉಗುರಿನ ಆ ಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು. "ಮನೆಗೆ ಬಂದು ಹೊಲೀತೀನಿ."